ಪಾರ್ಕಿನ್ಸನ್ ಕಾಯಿಲೆಗೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ಕ್ರಮೇಣ ನಶಿಸುವುದರಿಂದ ಪಾರ್ಕಿನ್ಸನ್ ಕಾಯಿಲೆಯು ಉಂಟಾಗುತ್ತದೆ. ನಡುಕ, ಮೈ ಬಿಗಿತ ಹಾಗೂ ಚಲನೆಯ ನಿಧಾನಗತಿ ಇದರ ಮುಖ್ಯ ಲಕ್ಷಣಗಳು. ಡೀಪ್ ಬ್ರೈನ್ ಸ್ಟಿಮ್ಯುಲೇಷನ್ (ಡಿ.ಬಿ.ಎಸ್.) ಚಿಕಿತ್ಸೆಯು ಈ ಲಕ್ಷಣಗಳನ್ನು ಹತೋಟಿಗೆ ತರುತ್ತದೆಯೇ ಹೊರತು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದ್ದರಿಂದ ಜಮೀನು ಮಾರಿ ಅಥವಾ ಸಾಲ ಮಾಡಿ ಚಿಕಿತ್ಸೆಗೆ ಮುಂದಾಗುವ ಮೊದಲು ಈ ಕೆಳಕಂಡ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

1. ಚಿಕಿತ್ಸೆಯ ಸ್ವರೂಪ

ಮೆದುಳಿನ ಆಳದಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ತೆಳುವಾದ ತಂತಿಗಳನ್ನು ಶಸ್ತ್ರಚಿಕಿತ್ಸೆಯ ಮೂಲಕ ಸೇರಿಸಲಾಗುತ್ತದೆ. ಎದೆಯ ಚರ್ಮದಡಿ ಅಳವಡಿಸುವ ಬ್ಯಾಟರಿ ಸಾಧನದಿಂದ ಈ ತಂತಿಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1987ರಲ್ಲಿ ಡಾ. ಅಲಿಮ್ ಲೂಯಿ ಬೆನಬಿದ್ ಮತ್ತು ಅವರ ತಂಡವು ಈ ವಿಧಾನದ ಆಧುನಿಕ ರೂಪವನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ಲಭ್ಯವಿದೆ.

2. ಯಾರಿಗೆ ಉಪಯುಕ್ತ

(ಅ) ಲೆವೊಡೋಪಾ ಮಾತ್ರೆಯಿಂದ ಉತ್ತಮ ಪರಿಣಾಮ ಕಂಡುಬಂದು, ವರ್ಷಗಳು ಕಳೆದಂತೆ ಅದರ ಪರಿಣಾಮವು ಬೇಗನೆ ಇಳಿಯುತ್ತಿರುವವರಿಗೆ ಅಥವಾ ಮಾತ್ರೆಯಿಂದ ಅನೈಚ್ಛಿಕ ಚಲನೆಗಳು ಉಂಟಾಗುತ್ತಿರುವವರಿಗೆ.

(ಆ) ಮಾತ್ರೆಯಿಂದ ಹತೋಟಿಗೆ ಬಾರದ ತೀವ್ರ ನಡುಕವಿರುವವರಿಗೆ.

ಸಾಮಾನ್ಯವಾಗಿ ಮಾತ್ರೆಯಿಂದ ಸುಧಾರಿಸುವ ಲಕ್ಷಣಗಳೇ ಈ ಚಿಕಿತ್ಸೆಯಿಂದಲೂ ಸುಧಾರಿಸುತ್ತವೆ. ನಡುಕವು ಇದಕ್ಕೆ ಹೊರತು. ಇದನ್ನು ತಿಳಿಯಲು ವೈದ್ಯರು ಮಾತ್ರೆ ನಿಲ್ಲಿಸಿದ ಸ್ಥಿತಿಯಲ್ಲಿ ಹಾಗೂ ಸೇವಿಸಿದ ನಂತರ ರೋಗಿಯನ್ನು ಪರೀಕ್ಷಿಸಿ ಹೋಲಿಸುತ್ತಾರೆ. ಮನೆಯಲ್ಲಿ ತಾವಾಗಿಯೇ ಮಾತ್ರೆ ನಿಲ್ಲಿಸಿ ನೋಡುವುದು ಅಪಾಯಕರ. ಮರೆಗುಳಿತನ ಹೆಚ್ಚಾಗಿರುವವರಿಗೆ ಅಥವಾ ತೀವ್ರ ಖಿನ್ನತೆಯು ಹತೋಟಿಯಲ್ಲಿಲ್ಲದವರಿಗೆ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ.

3. ನಿದ್ರೆಯ ತೊಂದರೆಗಳು

ರಾತ್ರಿ ಮಗ್ಗಲು ಬದಲಿಸಲಾಗದಿರುವುದು, ಮೈ ಬಿಗಿತದಿಂದ ಪದೇ ಪದೇ ಎಚ್ಚರವಾಗುವುದು, ಬೆಳಗಿನ ಜಾವ ಪಾದಗಳು ಸೆಟೆದು ನೋವಾಗುವುದು ಮುಂತಾದವು ಚಿಕಿತ್ಸೆಯ ನಂತರ ಅನೇಕರಲ್ಲಿ ಕಡಿಮೆಯಾಗಿ ನಿದ್ರೆಯು ಸುಧಾರಿಸುತ್ತದೆ. ಆದರೆ ಕನಸು ಕಾಣುವಾಗ ಕೂಗುವುದು, ಕೈಕಾಲು ಬೀಸುವುದು, ಹಾಸಿಗೆಯಿಂದ ಬೀಳುವುದು ಇವು ಬೇರೆಯೇ ತೊಂದರೆಯಾಗಿದ್ದು, ಈ ಚಿಕಿತ್ಸೆಯಿಂದ ಸಾಮಾನ್ಯವಾಗಿ ನಿವಾರಣೆಯಾಗುವುದಿಲ್ಲ. ಅಂತಹವರ ಮಂಚವು ತಗ್ಗಾಗಿರಬೇಕು ಹಾಗೂ ಹತ್ತಿರ ಗಾಜಿನ ವಸ್ತುಗಳು ಇರಬಾರದು. ರೋಗಿಗೆ ಇದರ ಅರಿವು ಇರುವುದಿಲ್ಲವಾದ್ದರಿಂದ, ಜೊತೆಯಲ್ಲಿ ಮಲಗುವವರು ಒಂದೆರಡು ವಾರ ರಾತ್ರಿಯ ವಿವರಗಳನ್ನು ಬರೆದಿಟ್ಟು ವೈದ್ಯರಿಗೆ ತಿಳಿಸತಕ್ಕದ್ದು.

4. ಅಪಾಯ ಮತ್ತು ಮಿತಿಗಳು

ಮೆದುಳಿನಲ್ಲಿ ರಕ್ತಸ್ರಾವ ಹಾಗೂ ಸೋಂಕಿನ ಸಂಭವವಿರುತ್ತದೆ. ಕೆಲವರಲ್ಲಿ ಮಾತು ತೊದಲಬಹುದು, ನಡಿಗೆಯ ಸಮತೋಲನ ತಪ್ಪಬಹುದು ಅಥವಾ ಮನಸ್ಥಿತಿಯಲ್ಲಿ ಬದಲಾವಣೆ ಕಾಣಬಹುದು. ರೋಗಿಯು ಮಂಕಾಗಿರುವುದು ಅಥವಾ ಬದುಕಿನ ಬಗ್ಗೆ ಬೇಸರದ ಮಾತನಾಡುವುದು ಕಂಡುಬಂದಲ್ಲಿ ತಕ್ಷಣ ವೈದ್ಯರಿಗೆ ತಿಳಿಸಬೇಕು.

5. ವೆಚ್ಚದ ಬಗ್ಗೆ

ಶಸ್ತ್ರಚಿಕಿತ್ಸೆಯ ವೆಚ್ಚವು ಅಂತಿಮ ವೆಚ್ಚವಲ್ಲ. ಪುನಃ ಚಾರ್ಜ್ ಮಾಡಲಾಗದ ಬ್ಯಾಟರಿಯನ್ನು ಸಾಮಾನ್ಯವಾಗಿ 3ರಿಂದ 5 ವರ್ಷಗಳಲ್ಲಿ ಬದಲಿಸಬೇಕಾಗುತ್ತದೆ. ಚಾರ್ಜ್ ಮಾಡಬಹುದಾದ ಬ್ಯಾಟರಿಯು ಹೆಚ್ಚು ವರ್ಷ ಬಾಳುತ್ತದೆ, ಬೆಲೆಯೂ ಹೆಚ್ಚು. ಸಾಧನದ ಮಟ್ಟವನ್ನು ಹೊಂದಿಸಲು ಮೊದಲ ತಿಂಗಳುಗಳಲ್ಲಿ ಹಲವು ಬಾರಿ ಆಸ್ಪತ್ರೆಗೆ ಹೋಗಬೇಕಾಗುವುದರಿಂದ ಪ್ರಯಾಣ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಧನ, ಶಸ್ತ್ರಚಿಕಿತ್ಸೆ ಮತ್ತು ಬ್ಯಾಟರಿ ಬದಲಾವಣೆಯ ಅಂದಾಜು ಪಟ್ಟಿಯನ್ನು ಲಿಖಿತವಾಗಿ ಪಡೆಯತಕ್ಕದ್ದು. ಸರ್ಕಾರದ ಆರೋಗ್ಯ ಯೋಜನೆಯಡಿ ಅಥವಾ ವಿಮೆಯಡಿ ಯಾವ ಯಾವ ಅಂಶಗಳಿಗೆ ನೆರವು ದೊರೆಯುತ್ತದೆ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಅಥವಾ ವಿಮಾ ವಿಭಾಗದಲ್ಲಿ ಖಚಿತಪಡಿಸಿಕೊಳ್ಳುವುದು.

6. ವಿಕಲಚೇತನರ ಗುರುತಿನ ಚೀಟಿ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ ಅನುಸೂಚಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯು ಸೇರಿರುತ್ತದೆ. ಶಸ್ತ್ರಚಿಕಿತ್ಸೆ ಆಗಿರಲಿ, ಆಗದಿರಲಿ, ಅರ್ಜಿ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಭಾವಚಿತ್ರ ಹಾಗೂ ವಿಳಾಸದ ದಾಖಲೆಯೊಂದಿಗೆ ಯು.ಡಿ.ಐ.ಡಿ. ಕಾರ್ಡಿಗೆ ನೋಂದಾಯಿಸಿ, ನಿಗದಿಪಡಿಸಿದ ವೈದ್ಯಕೀಯ ಪ್ರಾಧಿಕಾರದ ಮುಂದೆ ಚಿಕಿತ್ಸೆಯ ದಾಖಲೆಗಳೊಡನೆ ಹಾಜರಾಗಬೇಕು. ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವವರನ್ನು ಅಧಿನಿಯಮದಡಿ ಬೆಂಚ್‌ಮಾರ್ಕ್ ವೈಕಲ್ಯವುಳ್ಳವರೆಂದು ಪರಿಗಣಿಸಲಾಗುತ್ತದೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು.

7. ಸಾಧನ ಅಳವಡಿಸಿಕೊಂಡವರು ಪಾಲಿಸಬೇಕಾದ ಸೂಚನೆಗಳು

(ಅ) ಸಾಧನದ ಗುರುತಿನ ಕಾರ್ಡನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು.

(ಆ) ಮೈಕೈ ನೋವಿಗೆ ನೀಡುವ ಡಯಾಥರ್ಮಿ ಶಾಖ ಚಿಕಿತ್ಸೆಯನ್ನು ಯಾವುದೇ ಕಾರಣಕ್ಕೂ ಪಡೆಯಬಾರದು. ಇದರಿಂದ ಮೆದುಳಿಗೆ ಹಾನಿಯಾಗಿ ಪ್ರಾಣಾಪಾಯ ಸಂಭವಿಸಬಹುದು.

(ಇ) ಎಂ.ಆರ್.ಐ. ಸ್ಕ್ಯಾನ್‌ಗೆ ಮುನ್ನ ಸಾಧನವಿರುವುದನ್ನು ತಪ್ಪದೆ ತಿಳಿಸುವುದು.

(ಈ) ಲಕ್ಷಣಗಳು ಹಠಾತ್ತನೆ ಮರುಕಳಿಸಿದಲ್ಲಿ ಬ್ಯಾಟರಿ ಮುಗಿದಿರುವ ಸಂಭವವಿರುವುದರಿಂದ ವಿಳಂಬ ಮಾಡದೆ ಆಸ್ಪತ್ರೆಗೆ ಹೋಗುವುದು.

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ನರರೋಗ ತಜ್ಞರ ಸಲಹೆ ಪಡೆದೇ ಕೈಗೊಳ್ಳತಕ್ಕದ್ದು.