ಕ್ರಿಸ್ಮಸ್ ವೃಕ್ಷ: ಎತ್ತರವೂ ಋಣವೂ

ಹೇಮಂತದಲ್ಲಿ ಉತ್ತರ ಯೂರೋಪಿನ ಬಹುಪಾಲು ಮರಗಳು ಎಲೆಯುದುರಿ ಬೋಳಾಗಿ ನಿಂತಿರುವಾಗ, ಸ್ಪ್ರೂಸ್, ಫರ್ ಮೊದಲಾದ ಸೂಜಿಯೆಲೆಯ ಮರಗಳು ಮಾತ್ರ ಹಸುರಳಿಯದೆ ಇರುತ್ತವೆ. ಅಂತಹ ಮರವೊಂದನ್ನು ಮನೆಯೊಳಗೆ ತಂದು ಅಲಂಕರಿಸಿ ಕ್ರಿಸ್ತಜಯಂತಿಯನ್ನು ಆಚರಿಸುವ ಪದ್ಧತಿಯು 16ನೆಯ ಶತಮಾನದ ಜರ್ಮನ್ ನಾಡುಗಳಲ್ಲಿ ಬೇರೂರಿ, 19ನೆಯ ಶತಮಾನದಲ್ಲಿ ಇಂಗ್ಲೆಂಡು ಅಮೆರಿಕಾಗಳಲ್ಲಿಯೂ ಮನೆಮಾತಾಯಿತು. ಆಗ ಮರದ ಎತ್ತರಕ್ಕೆ ಮನೆಯ ಸೂರೇ ಮಿತಿ. ಬೆಳಕಿಗೆ ಮೇಣದ ಬತ್ತಿಯೇ ಗತಿ. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಹೋದ್ಯೋಗಿಯಾದ ಎಡ್ವರ್ಡ್ ಜಾನ್ಸನ್ ಎಂಬಾತನು ತನ್ನ ಮನೆಯ ಮರಕ್ಕೆ 80 ಪುಟ್ಟ ವಿದ್ಯುದ್ದೀಪಗಳನ್ನು ತೊಡಿಸಿ, ಆ ಮರವನ್ನೇ ತಿರುಗುವಂತೆ ಮಾಡಿ ನೋಡುವವರನ್ನು ಬೆರಗುಗೊಳಿಸಿದನು. ಮುಂದೆ ಮರವು ಮನೆಯಿಂದ ಚೌಕಕ್ಕೆ ಬಂದಿತು. ಚೌಕಕ್ಕೆ ಬಂದಮೇಲೆ ಪೈಪೋಟಿಯೂ ಹುಟ್ಟಿತು.

1950ರಲ್ಲಿ ಅಮೆರಿಕಾದ ಸಿಯಾಟಲ್ ನಗರದ ವ್ಯಾಪಾರಕೇಂದ್ರವೊಂದರಲ್ಲಿ 221 ಅಡಿ ಎತ್ತರದ ಡಗ್ಲಾಸ್ ಫರ್ ಮರವನ್ನು ನಿಲ್ಲಿಸಿದರು. ಕಡಿದು ತಂದ ಕ್ರಿಸ್ಮಸ್ ವೃಕ್ಷಗಳಲ್ಲಿ ಇದೇ ಅತ್ಯುನ್ನತವೆಂದು ಗಿನ್ನೆಸ್ ದಾಖಲೆಯ ಪುಸ್ತಕವು ಬರೆದುಕೊಂಡಿತು. ಇಟಲಿಯ ಗುಬ್ಬಿಯೋ ಪಟ್ಟಣದವರಾದರೋ ಮರದ ಗೊಡವೆಯನ್ನೇ ಬಿಟ್ಟರು. 1981ರಿಂದ ಅವರು ಊರ ಹಿಂದಿನ ಇಂಜಿನೋ ಬೆಟ್ಟದ ಇಳಿಜಾರಿನ ಮೇಲೆ ನೂರಾರು ದೀಪಗಳನ್ನು ಹರಡಿ, 650 ಮೀಟರಿಗೂ ಉದ್ದವಾದ ವೃಕ್ಷಾಕೃತಿಯನ್ನು ಬೆಳಗಿಸುತ್ತ ಬಂದಿದ್ದಾರೆ. 1991ರಲ್ಲಿ ಅದಕ್ಕೂ ದಾಖಲೆಯ ಪಟ್ಟ ದೊರೆಯಿತು.

ಇವೆಲ್ಲ ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಿಯಾಟಲ್ಲಿನ ಮರದ ಅರ್ಧದಷ್ಟೂ ಎತ್ತರವಿಲ್ಲದ ಎರಡು ಮರಗಳು ವರ್ಷವರ್ಷವೂ ಎರಡು ಮಹಾನಗರಗಳಲ್ಲಿ ನಿಲ್ಲುತ್ತವೆ. ಅವುಗಳ ಹಿರಿಮೆಯನ್ನು ಅಳೆಯಲು ಅಳತೆಪಟ್ಟಿ ಸಾಲದು.

ಮೊದಲನೆಯದು ಅಮೆರಿಕಾದ ಬಾಸ್ಟನ್ ನಗರದ್ದು. ಇದರ ಕಥೆ ಆರಂಭವಾಗುವುದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ. ಮೊದಲನೆಯ ಮಹಾಯುದ್ಧದ ಕಾಲ; 1917ನೆಯ ಡಿಸೆಂಬರ್ 6ರ ಬೆಳಿಗ್ಗೆ. ಸಿಡಿಮದ್ದನ್ನು ಹೇರಿಕೊಂಡು ಬರುತ್ತಿದ್ದ ಫ್ರಾನ್ಸಿನ ಹಡಗಿಗೂ, ಯುದ್ಧಪೀಡಿತ ಬೆಲ್ಜಿಯಮ್ಮಿನ ಜನರಿಗೆ ಪರಿಹಾರಸಾಮಗ್ರಿಯನ್ನು ತುಂಬಿಕೊಳ್ಳಲು ಹೊರಟಿದ್ದ ನಾರ್ವೆಯ ಹಡಗಿಗೂ ಬಂದರಿನ ಇಕ್ಕಟ್ಟಾದ ಕಾಲುವೆಯಲ್ಲಿ ಡಿಕ್ಕಿಯಾಯಿತು. ಬೆಂಕಿ ಹೊತ್ತಿತು. ಉರಿಯುವ ಹಡಗನ್ನು ನೋಡಲು ಮಕ್ಕಳು ಮುದುಕರೆನ್ನದೆ ಜನರು ಕಿಟಕಿಗಳ ಬಳಿ ನಿಂತರು. ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ಹಡಗು ಸಿಡಿದು ಊರಿನ ಒಂದು ಭಾಗವೇ ನೆಲಸಮವಾಯಿತು. ಸುಮಾರು 1,800 ಮಂದಿ ಅಸುನೀಗಿದರು. ಸುಮಾರು 9,000 ಮಂದಿ ಗಾಯಗೊಂಡರು. ಒಡೆದ ಗಾಜು ತಗಲಿ ಕಣ್ಣು ಕಳೆದುಕೊಂಡವರು ಅನೇಕರು.

ತಂತಿಯ ಸುದ್ದಿ ಮುಟ್ಟಿದ ರಾತ್ರಿಯೇ ಬಾಸ್ಟನ್ನಿನಿಂದ ವೈದ್ಯರನ್ನೂ ದಾದಿಯರನ್ನೂ ಔಷಧಗಳನ್ನೂ ಹೊತ್ತು ವಿಶೇಷ ರೈಲು ಹೊರಟಿತು. ದಾರಿಯಲ್ಲಿ ಹಿಮದ ಬಿರುಗಾಳಿ ಅಡ್ಡಗಟ್ಟಿತು. ಆದರೂ ಹಿಂದೆಗೆಯದೆ, ಹಳಿಯ ಮೇಲಿನ ಹಿಮವನ್ನು ತೆಗೆಯುತ್ತ ಸಾಗಿ, 8ನೆಯ ತಾರೀಖಿನ ಬೆಳಿಗ್ಗೆ ಅದು ಹ್ಯಾಲಿಫ್ಯಾಕ್ಸನ್ನು ಸೇರಿತು. ಮರುವರ್ಷ, 1918ರಲ್ಲಿ, ಹ್ಯಾಲಿಫ್ಯಾಕ್ಸಿನವರು ಕೃತಜ್ಞತೆಯಿಂದ ಬಾಸ್ಟನ್ನಿಗೆ ಒಂದು ಕ್ರಿಸ್ಮಸ್ ವೃಕ್ಷವನ್ನು ಕಳುಹಿಸಿದರು.

ಆಮೇಲೆ 53 ವರ್ಷಗಳ ಕಾಲ ಮರ ಹೋಗಲಿಲ್ಲ. 1971ರಲ್ಲಿ ಆ ಪದ್ಧತಿಗೆ ಮರುಜೀವ ಕೊಟ್ಟವರು ನೋವಾ ಸ್ಕೋಷಿಯಾ ಪ್ರಾಂತದ ಲುನೆನ್‌ಬರ್ಗ್ ಜಿಲ್ಲೆಯ ಮರದ ಬೆಳೆಗಾರರು. ತಮ್ಮ ಮರಗಳಿಗೆ ಅಮೆರಿಕಾದಲ್ಲಿ ಗಿರಾಕಿಗಳು ಹೆಚ್ಚಲೆಂಬ ಆಸೆಯೂ ಅವರಿಗಿತ್ತು, ಇದನ್ನು ಮರೆಮಾಚಬೇಕಾಗಿಲ್ಲ. ಮುಂದೆ ಪ್ರಾಂತದ ಸರಕಾರವೇ ಈ ಹೊಣೆಯನ್ನು ವಹಿಸಿಕೊಂಡಿತು. ಲೋಕವ್ಯವಹಾರದಲ್ಲಿ ಉಪಕಾರಸ್ಮರಣೆಯೂ ಲಾಭಚಿಂತೆಯೂ ಒಂದೇ ಗಾಡಿಯಲ್ಲಿ ಪಯಣಿಸುವುದುಂಟು. ಹಾಗೆಂದು ಸ್ಮರಣೆಯನ್ನು ಹುಸಿಯೆನ್ನಲಾಗದು. 600 ಮೈಲಿಗೂ ಹೆಚ್ಚು ದೂರ ಸಾಗಿಬರುವ ಆ ಮರವನ್ನು ಕಂಡು, ಅದೇಕೆ ಬಂದಿತೆಂದು ಬಾಸ್ಟನ್ನಿನ ಮಗುವೊಂದು ಕೇಳಿದರೆ ಉತ್ತರವಾಗಿ ಹೇಳಬೇಕಾದುದು ಆ ರಾತ್ರಿಯ ರೈಲಿನ ಕಥೆಯನ್ನೇ.

ಎರಡನೆಯದು ಲಂಡನ್ನಿನ ಟ್ರಫಾಲ್ಗರ್ ಚೌಕದ ಮರ. 1940ರಲ್ಲಿ ಜರ್ಮನ್ ಸೇನೆ ನಾರ್ವೆಯನ್ನು ಆಕ್ರಮಿಸಿದಾಗ ದೊರೆ ಏಳನೆಯ ಹೋಕನನೂ ಅವನ ಸರಕಾರವೂ ಆಶ್ರಯ ಪಡೆದುದು ಲಂಡನ್ನಿನಲ್ಲಿ. ಆ ಉಪಕಾರದ ನೆನಪಿಗೆ 1947ರಿಂದ ಓಸ್ಲೋ ನಗರವು ಪ್ರತಿವರ್ಷವೂ ಒಂದು ಸ್ಪ್ರೂಸ್ ಮರವನ್ನು ಕಾಣಿಕೆಯಾಗಿ ಕಳುಹಿಸುತ್ತಿದೆ. ಮರ 20 ಮೀಟರಿಗೆ ಮಿಗಿಲಾಗಿರುತ್ತದೆ. ನವೆಂಬರಿನಲ್ಲಿ ಎರಡೂ ಕಡೆಯ ಗಣ್ಯರ ಸಮ್ಮುಖದಲ್ಲಿ ಅದನ್ನು ಕಡಿದು, ಸಮುದ್ರಮಾರ್ಗವಾಗಿ ಸಾಗಿಸಿ, ನಾರ್ವೆಯ ರೀತಿಯಲ್ಲಿ ಮೇಲಿಂದ ಕೆಳಕ್ಕೆ ಇಳಿಬಿಟ್ಟ ಬಿಳಿಯ ದೀಪಗಳಿಂದಷ್ಟೇ ಸಿಂಗರಿಸುತ್ತಾರೆ. 2021ರಲ್ಲಿ ಬಂದ ಮರದ ಕೊಂಬೆಗಳು ವಿರಳವಾಗಿದ್ದುದನ್ನು ಕಂಡು ಲಂಡನ್ನಿನ ಹಲವರು ಗೇಲಿಮಾಡಿದರು. ಕೊಟ್ಟ ಕಾಣಿಕೆಯನ್ನು ಅಂಗಡಿಯ ಸರಕಿನಂತೆ ತೂಗಿನೋಡುವ ಚಪಲವೂ ಪ್ರಪಂಚದಲ್ಲಿ ಹೊಸದಲ್ಲ. ಮರುವರ್ಷವೂ ಓಸ್ಲೋದಿಂದ ಮರ ಬಂದಿತು.

ಹಬ್ಬ ಮುಗಿದಮೇಲೆ ಆ ಮರವನ್ನು ಚೂರುಮಾಡಿ ಗಿಡಗಳ ಬುಡಕ್ಕೆ ಹರಡುವ ಹೊದಿಕೆಯಾಗಿಸುತ್ತಾರೆ. ಅಷ್ಟರಲ್ಲಿ ಓಸ್ಲೋದ ಸುತ್ತಲ ಕಾಡಿನಲ್ಲಿ ಮುಂದಿನ ವರ್ಷಗಳಿಗೆ ತಕ್ಕ ಮರಗಳನ್ನು ವನಪಾಲಕರು ಗುರುತಿಸಿ, ಆರೈಕೆಮಾಡುತ್ತಿರುತ್ತಾರೆ. ಇಂದು ಕಡಿಯುವ ಮರಕ್ಕೆ ಅರುವತ್ತು ವರ್ಷವೆಂದರೆ, ಅದು ಮೊಳೆಯುವ ಹೊತ್ತಿಗೆ ಯುದ್ಧ ಮುಗಿದು ಎಷ್ಟೋ ಕಾಲ ಸಂದಿತ್ತು. ಆಶ್ರಯ ಬೇಡಿದ ದೊರೆಯೂ ಇಂದಿಲ್ಲ. ಕೊಟ್ಟವರಲ್ಲಿ ಉಳಿದವರೂ ವಿರಳ. ಋಣವುಂಟಾದ ಬಳಿಕ ಹುಟ್ಟಿದ ಮರವನ್ನು ಋಣವುಂಟಾದ ಬಳಿಕ ಹುಟ್ಟಿದ ಜನರೇ ಕಡಿದು, ಹಡಗಿಗೇರಿಸಿ ಕಳುಹಿಸುತ್ತಿದ್ದಾರೆ.