ತಂದೆಯಿಲ್ಲದ ಮಗ ಕಟ್ಟಿದ ಗೋಡೆ

1977ರ ಜುಲೈ 6. ಕೆನಡಾದ ಮಾಂಟ್ರಿಯಲ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್ ಹಾಡುತ್ತಿತ್ತು. ನೆರೆದವರಲ್ಲಿ ಕೇಳುವವರಿಗಿಂತ ಕೂಗುವವರ ಸದ್ದೇ ಹೆಚ್ಚು. ವೇದಿಕೆಯ ಬಳಿ ಗದ್ದಲ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ರೋಜರ್ ವಾಟರ್ಸ್ ಉಗುಳಿಬಿಟ್ಟರು. ಆಮೇಲೆ ತಮ್ಮ ವರ್ತನೆಗೆ ತಾವೇ ಹೇಸಿದರು. ತಮಗೂ ಕೇಳುಗರಿಗೂ ನಡುವೆ ಗೋಡೆಯೊಂದು ಎದ್ದಿದೆ ಎನಿಸಿತು. ಆ ನಾಚಿಕೆಯಿಂದ ಹುಟ್ಟಿದ್ದೇ 1979ರ ನವೆಂಬರ್ 30ರಂದು ಹೊರಬಂದ 'ದಿ ವಾಲ್'. ಎರಡು ತಟ್ಟೆಗಳು, 26 ಹಾಡುಗಳು, ಪಿಂಕ್ ಎಂಬ ಗಾಯಕನ ಒಂದೇ ಕಥೆ.

ಪಿಂಕ್‌ನ ಗೋಡೆಗೆ ಮೊದಲ ಇಟ್ಟಿಗೆ ಇಟ್ಟದ್ದು ಯುದ್ಧ. ಇದು ವಾಟರ್ಸ್ ಅವರ ಸ್ವಂತ ನೋವು. ಅವರ ತಂದೆ ಎರಿಕ್ ಫ್ಲೆಚರ್ ವಾಟರ್ಸ್ ಶಾಲಾ ಶಿಕ್ಷಕರು. ಮೊದಲು ಆಯುಧ ಹಿಡಿಯಲು ಒಪ್ಪದೆ ಆಂಬುಲೆನ್ಸ್ ಓಡಿಸುತ್ತಿದ್ದವರು, ಆಮೇಲೆ ಮನಸ್ಸು ಬದಲಿಸಿ ಸೈನ್ಯ ಸೇರಿದರು. 1944ರ ಫೆಬ್ರವರಿಯಲ್ಲಿ ಇಟಲಿಯ ಆಂಜಿಯೊದಲ್ಲಿ ಮಡಿದರು. ಮಗನಿಗೆ ಆಗ ಐದು ತಿಂಗಳು. ಅತಿಯಾಗಿ ಕಾಯುವ ತಾಯಿ, ಹಂಗಿಸುವ ಮೇಷ್ಟರು, ಮುರಿದ ದಾಂಪತ್ಯ ಒಂದೊಂದೂ ಇನ್ನೊಂದು ಇಟ್ಟಿಗೆಯಾಗಿ ಕೂರುತ್ತದೆ.

ಮೇಷ್ಟರ ಕ್ರೌರ್ಯದ ವಿರುದ್ಧದ ಹಾಡು 'ಅನದರ್ ಬ್ರಿಕ್ ಇನ್ ದಿ ವಾಲ್'ನ ಎರಡನೆಯ ಭಾಗ. ಅದಕ್ಕೆ ದನಿಗೂಡಿಸಿದವರು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳು. ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಶಾಲೆಗೆ ಸಿಕ್ಕಿದ್ದು ಸಾವಿರ ಪೌಂಡು. ಮುಖ್ಯೋಪಾಧ್ಯಾಯಿನಿ ಒಪ್ಪದ್ದರಿಂದ ಹಾಡಿನ ಚಿತ್ರಿಕೆಯಲ್ಲಿ ತುಟಿ ಆಡಿಸಿದವರು ಬೇರೆ ಮಕ್ಕಳು. 2004ರಲ್ಲಿ, ನಡುವಯಸ್ಸಿಗೆ ಬಂದಿದ್ದ ಆ ಗಾಯಕರಲ್ಲಿ ಕೆಲವರು ತಮ್ಮ ಪಾಲು ಕೇಳಬೇಕಾಯಿತು. ತಂಡದೊಳಗೂ ಇದೇ ಕಥೆ. ಗೋಡೆಗಳ ಬಗ್ಗೆ ಹಾಡುತ್ತಲೇ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರನ್ನು ಹೊರಗಟ್ಟಿದರು. ಮುಂದಿನ ಪ್ರದರ್ಶನಗಳಲ್ಲಿ ಅವರು ಸಂಬಳದ ಕಲಾವಿದರಾಗಿ ನುಡಿಸಿದರು.

ಆದರೆ ಹಾಡು, ಅದನ್ನು ಕಟ್ಟಿದವರ ಸಣ್ಣತನದಲ್ಲೇ ಉಳಿಯಲಿಲ್ಲ. 1980ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ವರ್ಣಭೇದ ಸರ್ಕಾರ 'ಬಣ್ಣದವರು' ಎಂದು ಬೇರ್ಪಡಿಸಿದ್ದ ಸಮುದಾಯದ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಅವರ ಬಾಯಲ್ಲಿ ಇದೇ ಹಾಡು. ಬಿಳಿಯರ ಮಕ್ಕಳಿಗೆ ಖರ್ಚಾಗುತ್ತಿದ್ದ ಹಣದ ಸಣ್ಣ ಪಾಲು ಮಾತ್ರ ಉಳಿದವರ ಮಕ್ಕಳಿಗೆ ಸಿಗುತ್ತಿದ್ದ ಕಾಲ ಅದು. ಮೇ ತಿಂಗಳಲ್ಲಿ ಸರ್ಕಾರ ಹಾಡನ್ನು ನಿಷೇಧಿಸಿತು.

ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಶಿಕ್ಷಣವೇ ಬೇಡ ಎಂದು ಕೇಳಿಸುವ ಈ ಹಾಡನ್ನು ಆ ಮಕ್ಕಳು ಓದು ತಪ್ಪಿಸಿಕೊಳ್ಳಲು ಹಾಡಲಿಲ್ಲ. ಅವರಿಗೆ ಬೇಡವಾಗಿದ್ದದ್ದು ಗುಲಾಮರನ್ನು ತಯಾರಿಸುವ ಪಾಠ. ಬೇಕಾಗಿದ್ದದ್ದು ಎಲ್ಲರಿಗೂ ಒಂದೇ ಶಾಲೆ. ಶಾಲೆಯ ಬಾಗಿಲು ಕಾಣದ ಮಕ್ಕಳಿರುವ ಯಾವ ಸಮಾಜವೂ ಈ ವ್ಯತ್ಯಾಸವನ್ನು ಮರೆಯಬಾರದು.

1990ರ ಜುಲೈನಲ್ಲಿ, ಉರುಳಿದ ಬರ್ಲಿನ್ ಗೋಡೆ ಇದ್ದ ಜಾಗದಲ್ಲೇ ವಾಟರ್ಸ್ ಈ ಕೃತಿಯನ್ನು ಲಕ್ಷಾಂತರ ಜನರ ಮುಂದೆ ಹಾಡಿದರು. ಇನ್ನು ಗೋಡೆಗಳ ಕಾಲ ಮುಗಿಯಿತು ಎಂದೇ ಅನೇಕರು ನಂಬಿದ್ದರು. 2006ರಲ್ಲಿ ಅದೇ ವಾಟರ್ಸ್ ಬೆತ್ಲೆಹೆಮ್‌ನಲ್ಲಿ, ಇಸ್ರೇಲ್ ಕಟ್ಟಿದ ಗೋಡೆಯ ಮುಂದೆ ನಿಂತು ಅದರ ಮೇಲೆ ಬಣ್ಣದಲ್ಲಿ ಪ್ರತಿಭಟನೆ ಬರೆಯಬೇಕಾಯಿತು. ಅದು ಅಕ್ರಮವೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 2004ರಲ್ಲೇ ಅಭಿಪ್ರಾಯ ಕೊಟ್ಟಿತ್ತು. ಗೋಡೆ ಇಂದಿಗೂ ನಿಂತಿದೆ.

'ದಿ ವಾಲ್'ನ ಕೊನೆಯಲ್ಲಿ ಪಿಂಕ್‌ನ ಗೋಡೆ ಕುಸಿಯುತ್ತದೆ. ಆಮೇಲೆ ದನಿಯೊಂದು ಮಾತು ಶುರುಮಾಡಿ ಅರ್ಧಕ್ಕೇ ನಿಲ್ಲುತ್ತದೆ. ಆ ಮಾತಿನ ಉಳಿದರ್ಧ ಮೊದಲ ಹಾಡಿನ ಆರಂಭದಲ್ಲಿದೆ. ಕುಸಿದ ಗೋಡೆಯ ಇಟ್ಟಿಗೆಗಳನ್ನು ಯಾರೋ ಮತ್ತೆ ಆಯುತ್ತಿದ್ದಾರೆ ಎಂಬ ಎಚ್ಚರಿಕೆ ಅದು.