ಯಾವ ಗುಂಪಿನದು, ಎಷ್ಟು ಖಚಿತ? ವಿಭೇದಕ ವಿಶ್ಲೇಷಣೆಯ ಹಿನ್ನೆಲೆ

ಅಳತೆಗಳು ಕೈಯಲ್ಲಿವೆ, ಆದರೆ ಅಳೆದ ವಸ್ತು ಯಾವ ಗುಂಪಿನದೆಂದು ತಿಳಿಯದು. ಇಂಥ ಸಂದರ್ಭದಲ್ಲಿ ಸಂಖ್ಯಾಶಾಸ್ತ್ರಜ್ಞರು ಮಾಡುವ ಲೆಕ್ಕಕ್ಕೆ ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಎಂದು ಹೆಸರು. ಕನ್ನಡದಲ್ಲಿ ವಿಭೇದಕ ವಿಶ್ಲೇಷಣೆ ಎನ್ನಬಹುದು. ಮಣ್ಣಿನಡಿ ಸಿಕ್ಕ ದವಡೆ ಗಂಡಸಿನದೋ ಹೆಂಗಸಿನದೋ, ಕಿತ್ತು ತಂದ ಹೂವು ಯಾವ ಪ್ರಭೇದದ್ದು, ಸಾಲ ಕೇಳಲು ಬಂದವನು ತೀರಿಸುವವರ ಪೈಕಿಯೋ ಮುಳುಗಿಸುವವರ ಪೈಕಿಯೋ ಎಂಬ ಪ್ರಶ್ನೆಗಳೆಲ್ಲ ಈ ಜಾತಿಯವು. ಇಂದಿನ ಕಂಪ್ಯೂಟರು ಇವಕ್ಕೆ ಬರೀ ಗುಂಪಿನ ಹೆಸರು ಹೇಳಿ ಸುಮ್ಮನಾಗುವುದಿಲ್ಲ, ನೂರಕ್ಕೆ ಎಷ್ಟರಮಟ್ಟಿಗೆ ಆ ಗುಂಪಿನದು ಎಂಬ ಸಂಭವನೀಯತೆಯನ್ನೂ ಮುದ್ರಿಸುತ್ತದೆ. ಆದರೆ ಈ ವಿದ್ಯೆ ಹುಟ್ಟಿದ್ದು ದೂರ ಅಳೆಯುವುದಕ್ಕೆ. ಖಚಿತತೆಯ ಮಾತು ಅದಕ್ಕೆ ಆಮೇಲೆ ಬಂತು.

1920ರ ದಶಕದ ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ನರ ಪ್ರಯೋಗಾಲಯ ತಲೆಬುರುಡೆಗಳನ್ನು ಅಳೆಯುವುದರಲ್ಲಿ ಮುಳುಗಿತ್ತು. ಎರಡು ಜನಸಮುದಾಯಗಳು ಎಷ್ಟು ಹತ್ತಿರ ಎಂದು ಹೇಳಲು ಅವರು 'ಜನಾಂಗೀಯ ಸಾದೃಶ್ಯ ಗುಣಾಂಕ' ಎಂಬ ಸೂಚ್ಯಂಕವನ್ನು ಬಳಕೆಗೆ ತಂದಿದ್ದರು. ಅದರಲ್ಲಿ ಎರಡು ದೋಷಗಳಿದ್ದವು. ಹೆಚ್ಚು ಬುರುಡೆಗಳನ್ನು ಅಳೆದಷ್ಟೂ ಗುಣಾಂಕ ತಾನಾಗಿಯೇ ಹಿಗ್ಗುತ್ತಿತ್ತು. ಗುಂಪುಗಳ ನಡುವಿನ ಅಂತರ ಇದ್ದಷ್ಟೇ ಇದ್ದರೂ ಅಂಕಿ ದೊಡ್ಡದಾಗುತ್ತಿತ್ತು. ಎರಡನೆಯದಾಗಿ, ಅದು ಒಂದೊಂದು ಅಳತೆಯನ್ನೂ ಸ್ವತಂತ್ರವೆಂದು ಎಣಿಸುತ್ತಿತ್ತು. ಎತ್ತರದ ಆಳಿಗೆ ಕೈಯೂ ಉದ್ದವಿರುತ್ತದೆ. ಎತ್ತರವನ್ನೂ ಕೈಯ ಉದ್ದವನ್ನೂ ಬೇರೆಬೇರೆಯಾಗಿ ಕೂಡಿಸಿದರೆ ಒಂದೇ ಸಂಗತಿಯನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ.

ಈ ದೋಷಗಳನ್ನು ತಿದ್ದುವ ಕೆಲಸ ನಡೆದದ್ದು ಕಲ್ಕತ್ತೆಯಲ್ಲಿ. 1920ರಲ್ಲಿ ನಾಗಪುರದಲ್ಲಿ ಸೇರಿದ್ದ ಸೈನ್ಸ್ ಕಾಂಗ್ರೆಸ್ಸಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಪ್ರಶಾಂತ ಚಂದ್ರ ಮಹಾಲನೋಬಿಸ್‌ಗೆ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ನೆಲ್ಸನ್ ಅನಂಡೇಲ್ ಸಿಕ್ಕರು. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಗಂಡಸರ ದೇಹದ ಅಳತೆಗಳನ್ನು ಅನಂಡೇಲ್ ಕಲೆಹಾಕಿಟ್ಟಿದ್ದರು. ಆ ರಾಶಿಯನ್ನು ಬಿಡಿಸಿ ಮಹಾಲನೋಬಿಸ್ 1922ರಲ್ಲಿ ಬರೆದ ಲೇಖನವೇ ಈ ಕ್ಷೇತ್ರದಲ್ಲಿ ಅವರ ಮೊದಲ ಹೆಜ್ಜೆ. ಆಮೇಲೆ ಬಂಗಾಳದ ಜಾತಿಗಳ ನಡುವಿನ ಅಂತರ ಅಳೆಯಲು ಹೊರಟು, ಪಿಯರ್ಸನ್ನರ ಗುಣಾಂಕ ಸಾಲದೆಂದು ಕಂಡುಕೊಂಡು, 1930ರ ಹೊತ್ತಿಗೆ ತಮ್ಮದೇ ಅಳತೆಗೋಲು ಸಿದ್ಧಮಾಡಿದರು. ಪಿಯರ್ಸನ್ ಈ ಟೀಕೆಯನ್ನು ಒಪ್ಪಲಿಲ್ಲ. ಅಳತೆಗಳ ನಡುವಿನ ಸಹಸಂಬಂಧವನ್ನೂ ಒಳಗೊಂಡ ಪೂರ್ಣರೂಪ 1936ರ ಒಂದು ಚಿಕ್ಕ ಲೇಖನದಲ್ಲಿ ಬಂತು. ಅದೇ ಮಹಾಲನೋಬಿಸ್ ದೂರ. ಅಂಕಿಸಂಖ್ಯೆಯವರ ಬಾಯಲ್ಲಿ ಡಿ-ಸ್ಕ್ವೇರ್. 1938ರಲ್ಲಿ ರಾಜ್ ಚಂದ್ರ ಬೋಸ್ ಮತ್ತು ಸಮರೇಂದ್ರನಾಥ ರಾಯ್ ಅದರ ಗಣಿತವನ್ನು ಗಟ್ಟಿಮಾಡಿದರು.

ಇವರೆಲ್ಲ ಅಳೆಯುತ್ತಿದ್ದುದು ಜನಾಂಗ ಮತ್ತು ಜಾತಿಗಳನ್ನು ಎಂಬುದನ್ನು ಮರೆಮಾಚಬೇಕಿಲ್ಲ. ವಸಾಹತು ಆಡಳಿತಕ್ಕೆ ಪ್ರಜೆಗಳ ಮೂಗಿನ ಮೇಲೆ ವಿಪರೀತ ಕುತೂಹಲವಿತ್ತು. ವಸಾಹತು ಅಧಿಕಾರಿ ರಿಸ್ಲೆಯವರ ಅಳತೆ ಪಟ್ಟಿಗಳು ಅದರ ಫಲ. ಆ ಪಟ್ಟಿಗಳನ್ನು ಮಹಾಲನೋಬಿಸ್ 1933ರಲ್ಲಿ ಪರಿಶೀಲಿಸಿ ತಿದ್ದಿದರು. ಗಣಿತ ಉಳಿದುಕೊಂಡಿತು, ಅದಕ್ಕೆ ಕಾರಣವಾದ ಜನಾಂಗಶಾಸ್ತ್ರ ಬಹುಮಟ್ಟಿಗೆ ಕಸದಬುಟ್ಟಿ ಸೇರಿತು.

ಅದೇ 1936ರಲ್ಲಿ ಇಂಗ್ಲೆಂಡಿನಲ್ಲಿ ರೊನಾಲ್ಡ್ ಫಿಶರ್ ಬೇರೊಂದು ದಾರಿಯಿಂದ ಅದೇ ಜಾಗಕ್ಕೆ ಬಂದರು. ಅವರ ಸಲಹೆಯಂತೆ ಮಿಲ್ಡ್ರೆಡ್ ಬರ್ನಾರ್ಡ್ 1935ರಲ್ಲಿ ಈಜಿಪ್ಟಿನ ನಾಲ್ಕು ಕಾಲಘಟ್ಟಗಳ ಬುರುಡೆಗಳ ಮೇಲೆ ಈ ಬಗೆಯ ಲೆಕ್ಕ ಹಾಕಿದ್ದರು. ಫಿಶರ್ ತಾವೇ ಬರೆದ ಲೇಖನಕ್ಕೆ ಆರಿಸಿಕೊಂಡದ್ದು ಹೂವುಗಳನ್ನು. ಪ್ರಕಟವಾದದ್ದು ಮಾತ್ರ ಸುಪ್ರಜನನಶಾಸ್ತ್ರದ 'ಆನಲ್ಸ್ ಆಫ್ ಯುಜೆನಿಕ್ಸ್' ಪತ್ರಿಕೆಯಲ್ಲಿ. ಎಡ್ಗರ್ ಆ್ಯಂಡರ್ಸನ್ ಎಂಬ ಸಸ್ಯವಿಜ್ಞಾನಿ ಐರಿಸ್ ಕುಲದ ಸೆಟೋಸಾ, ವರ್ಸಿಕಲರ್, ವರ್ಜಿನಿಕಾ ಎಂಬ ಮೂರು ಪ್ರಭೇದಗಳಿಂದ ತಲಾ 50 ಹೂವು ಅಳೆದಿದ್ದರು. ಹೂವೊಂದಕ್ಕೆ ನಾಲ್ಕು ಅಳತೆ: ಪುಷ್ಪಪತ್ರದ ಉದ್ದ, ಅಗಲ; ದಳದ ಉದ್ದ, ಅಗಲ. ಮೊದಲೆರಡು ಪ್ರಭೇದಗಳ ಹೂವುಗಳು ಕೆನಡಾದ ಗಾಸ್ಪೆ ಪರ್ಯಾಯದ್ವೀಪದ ಒಂದೇ ಹುಲ್ಲುಗಾವಲಿನಲ್ಲಿ, ಒಂದೇ ದಿನ ಕೊಯ್ದವು. ನಾಲ್ಕೂ ಅಳತೆಗಳಿಗೆ ತಕ್ಕ ತೂಕ ಕೊಟ್ಟು ಕೂಡಿಸಿ ಒಂದೇ ಅಂಕ ಮಾಡಿದಾಗ ಗುಂಪುಗಳು ಆದಷ್ಟೂ ದೂರ ನಿಲ್ಲಬೇಕು. ಆ ತೂಕಗಳು ಯಾವುವು ಎಂಬುದು ಫಿಶರರ ಪ್ರಶ್ನೆ. ಸೆಟೋಸಾ ಮತ್ತು ವರ್ಸಿಕಲರ್ ಬೇರ್ಪಡಿಸುವ ಸೂತ್ರದಲ್ಲಿ ಪುಷ್ಪಪತ್ರದ ಉದ್ದಕ್ಕೆ 1 ತೂಕವಾದರೆ ದಳದ ಅಗಲಕ್ಕೆ ಋಣಚಿಹ್ನೆಯೊಡನೆ 10ಕ್ಕಿಂತ ಹೆಚ್ಚು ಬಂತು. ಆದರೆ ಹೂವು ಗಡಿಯ ಯಾವ ಕಡೆಗಿದೆ ಎಂದು ಆ ಅಂಕ ಹೇಳುತ್ತಿತ್ತೇ ಹೊರತು ಎಷ್ಟು ಖಚಿತವೆಂದು ಹೇಳುತ್ತಿರಲಿಲ್ಲ.

ಆ ಕೊರತೆ ತುಂಬಿದ್ದು 1939ರಲ್ಲಿ ಬಿ. ಎಲ್. ವೆಲ್ಚ್ ಬರೆದ ಮೂರು ಪುಟದ ಟಿಪ್ಪಣಿ. ಈ ವಿಷಯದಲ್ಲಿ ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ಹೇಳಿದವರು ಬೇರೆ ಇಲ್ಲವೆಂದೇ ಹೇಳಬೇಕು. ಪ್ರತಿ ಗುಂಪಿನಲ್ಲಿ ಈ ಅಳತೆ ಕಾಣಸಿಗುವುದು ಎಷ್ಟು ಸಹಜ ಎಂದು ನೋಡಿ, ಅದನ್ನು ಆ ಗುಂಪು ಮೊದಲೇ ಎಷ್ಟು ಸಾಮಾನ್ಯ ಎಂಬುದರಿಂದ ಗುಣಿಸಿ, ಗುಣಲಬ್ಧಗಳನ್ನು ಹೋಲಿಸಬೇಕು ಎಂಬುದು ಅದರ ತಿರುಳು. 1763ರಲ್ಲಿ, ಕರ್ತೃ ತೀರಿಕೊಂಡ ಮೇಲೆ ಪ್ರಕಟವಾದ ಥಾಮಸ್ ಬೇಯ್ಸ್‌ರ ಸೂತ್ರವೇ ಇದು. ಅಳತೆಗಳು ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆಯಲ್ಲಿದ್ದು ಗುಂಪುಗಳ ಹರವು ಒಂದೇ ತೆರನಾಗಿದ್ದರೆ, ವೆಲ್ಚರ ಹೋಲಿಕೆಯಿಂದ ಹೊರಬರುವುದು ಫಿಶರರ ಸೂತ್ರವೇ.

ಲೆಕ್ಕವನ್ನು ಒಂದು ಹೂವಿನ ಮೇಲೆ ಹಾಕಿ ನೋಡಬಹುದು. ದಳದ ಉದ್ದವೊಂದನ್ನೇ ತೆಗೆದುಕೊಳ್ಳೋಣ. ಆ್ಯಂಡರ್ಸನ್ನರ ಅಂಕಿಗಳಲ್ಲಿ ವರ್ಸಿಕಲರ್‌ನ ಸರಾಸರಿ 4.26 ಸೆಂ.ಮೀ., ವರ್ಜಿನಿಕಾದ್ದು 5.55, ಮೂರೂ ಗುಂಪು ಸೇರಿಸಿ ತೆಗೆದ ಒಳಹರವಿನ ಪ್ರಮಾಣ ವಿಚಲನೆ 0.43. ಈಗ 5.1 ಸೆಂ.ಮೀ. ದಳದ ಹೂವು ಸಿಕ್ಕಿದೆ. ವರ್ಸಿಕಲರ್‌ನ ಸರಾಸರಿಯಿಂದ ಅದು 1.95 ವಿಚಲನೆ ದೂರ, ವರ್ಜಿನಿಕಾದಿಂದ 1.05. ದೂರದ ವರ್ಗ ಮಾಡಿ, ಅರ್ಧಕ್ಕಿಳಿಸಿ, 2.718 ಎಂಬ ಸಂಖ್ಯೆಯನ್ನು ಅಷ್ಟು ಋಣ ಘಾತಕ್ಕೆ ಏರಿಸಿದರೆ ಕ್ರಮವಾಗಿ 0.149 ಮತ್ತು 0.576 ಬರುತ್ತದೆ. ಸೆಟೋಸಾದ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಎರಡನ್ನೂ ಕೂಡಿಸಿ ಭಾಗಿಸಿದರೆ ವರ್ಜಿನಿಕಾ ಆಗಿರುವ ಸಂಭವನೀಯತೆ 0.79, ವರ್ಸಿಕಲರ್‌ಗೆ 0.21. ದೂರವನ್ನು ಖಚಿತತೆಯಾಗಿ ಮಾರ್ಪಡಿಸುವ ಇಡೀ ಕಸುಬು ಇಷ್ಟೇ. ಅಳತೆಗಳು ನಾಲ್ಕಾದಾಗ ದೂರದ ಜಾಗದಲ್ಲಿ ಡಿ-ಸ್ಕ್ವೇರ್ ಬಂದು ಕೂರುತ್ತದೆ.

ಇಲ್ಲೊಂದು ತೆರೆಮರೆಯ ಊಹೆ ಇದೆ: ಎರಡೂ ಪ್ರಭೇದಗಳು ಸಮಸಂಖ್ಯೆಯಲ್ಲಿವೆ ಎಂದು ಲೆಕ್ಕ ಇಟ್ಟುಕೊಂಡಿದೆ. ಹೂವು ಕೊಯ್ದ ಗದ್ದೆಯಲ್ಲಿ ಹತ್ತಕ್ಕೆ ಒಂಬತ್ತು ವರ್ಸಿಕಲರ್ ಎನ್ನೋಣ. ಆಗ 0.149ನ್ನು 0.9ರಿಂದ, 0.576ನ್ನು 0.1ರಿಂದ ಗುಣಿಸಬೇಕು. ವರ್ಜಿನಿಕಾದ ಸಂಭವನೀಯತೆ 0.79ರಿಂದ 0.30ಕ್ಕೆ ಕುಸಿಯುತ್ತದೆ, ತೀರ್ಪು ತಿರುಗಿಬೀಳುತ್ತದೆ. ಹೂವು ಅದೇ, ಅಳತೆಯೂ ಅದೇ. ಬದಲಾದದ್ದು ಅಳೆಯುವ ಮೊದಲಿನ ತಿಳಿವಳಿಕೆ, ಅಂದರೆ ಪೂರ್ವ ಸಂಭವನೀಯತೆ. ಬೇಯ್ಸ್ ವಿಧಾನದ ವಿಷಯದಲ್ಲಿ ಫಿಶರ್ ಜೀವನವಿಡೀ ಕಿಡಿಕಾರಿದ್ದು ಈ ಪೂರ್ವ ಸಂಭವನೀಯತೆಯನ್ನು ಗಾಳಿಯಲ್ಲಿ ಊಹಿಸಿಕೊಳ್ಳುವವರ ಮೇಲೆ. ನಿಜವಾದ ಎಣಿಕೆಯಿಂದ ಬಂದದ್ದಾದರೆ ಅವರದೂ ತಕರಾರಿರಲಿಲ್ಲ.

ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ಈ ಲೆಕ್ಕವನ್ನು ವ್ಯವಸ್ಥಿತವಾಗಿ ಹಿಗ್ಗಿಸಿದವರು ಸಿ. ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಅವರು ಹುಟ್ಟಿದ್ದು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನ ಹಡಗಲಿಯಲ್ಲಿ, ತೆಲುಗು ಕುಟುಂಬವೊಂದರಲ್ಲಿ. 1941ರಲ್ಲಿ ಅವರು ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಅದೇ ವರ್ಷ ಸಂಯುಕ್ತ ಪ್ರಾಂತದಲ್ಲಿ ಡಿ. ಎನ್. ಮಜುಂದಾರ್ ಮುಂದಾಳುತನದಲ್ಲಿ ನಡೆದ ದೇಹಮಾಪನ ಸಮೀಕ್ಷೆಯ ಅಂಕಿಗಳು ರಾವ್ ಅವರ ಕೈಗೆ ಬಂದವು. 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದೂ ಅಳೆಯುವ ಕೆಲಸಕ್ಕೇ: ಸೂಡಾನಿನ ಜೆಬೆಲ್ ಮೋಯಾದಲ್ಲಿ ಹೆನ್ರಿ ವೆಲ್ಕಮ್ ಅಗೆಸಿ ತೆಗೆಸಿದ್ದ ಅಸ್ಥಿಪಂಜರಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದವು. ಹಗಲು ಎಲುಬುಗಳ ಲೆಕ್ಕ, ಜೊತೆಯಲ್ಲೇ ಫಿಶರ್ ಮಾರ್ಗದರ್ಶನದಲ್ಲಿ ಪಿಎಚ್.ಡಿ.

ಜೀವಿಗಳ ವರ್ಗೀಕರಣಕ್ಕೆ ಹಲವು ಅಳತೆಗಳನ್ನು ಬಳಸುವ ಬಗ್ಗೆ ರಾವ್ 1948ರಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ ಮೂರು ಗುಂಪುಗಳ ಉದಾಹರಣೆ ಇದೆ: ಬ್ರಾಹ್ಮಣ, ಕುಶಲಕರ್ಮಿ, ಕೊರ್ವಾ ಬುಡಕಟ್ಟು. ನಾಲ್ಕು ಅಳತೆಗಳು: ಎತ್ತರ, ಕುಳಿತಾಗಿನ ಎತ್ತರ, ಮೂಗಿನ ಆಳ, ಮೂಗಿನ ಎತ್ತರ. ಸರಾಸರಿ ಎತ್ತರ ಕ್ರಮವಾಗಿ 164.51, 160.53, 158.17 ಸೆಂ.ಮೀ.; ಗುಂಪಿನ ಒಳಗಿನ ಪ್ರಮಾಣ ವಿಚಲನೆಯೇ 5.74. ಅಂದರೆ ಗುಂಪುಗಳ ನಡುವಿನ ಅಂತರದಷ್ಟೇ ವ್ಯತ್ಯಾಸ ಒಂದೇ ಗುಂಪಿನ ಜನರ ನಡುವೆಯೂ ಇದೆ. ಇಂಥ ಕಡೆ ಒಬ್ಬ ವ್ಯಕ್ತಿಯನ್ನು ಕಣ್ಣುಮುಚ್ಚಿ ಒಂದು ಗುಂಪಿಗೆ ತಳ್ಳುವುದು ಸರಿಯಲ್ಲವೆಂದು ರಾವ್ ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಯಾವ ಗುಂಪಿಗೂ ಹಾಕದೆ ತೀರ್ಪು ತಡೆಹಿಡಿಯುವ 'ಸಂದೇಹದ ವಲಯ'ವೊಂದನ್ನು ಅವರು ಲೆಕ್ಕದೊಳಗೇ ತಂದರು. ಇಪ್ಪತ್ತು ವರ್ಷದ ನಂತರ ಎಡ್ವರ್ಡ್ ಆಲ್ಟ್‌ಮನ್ ಅಮೆರಿಕದ 33 ದಿವಾಳಿ ಕಂಪನಿಗಳನ್ನೂ 33 ನೆಟ್ಟಗಿದ್ದ ಕಂಪನಿಗಳನ್ನೂ ಹೋಲಿಸಿ ಝಡ್-ಸ್ಕೋರ್ ಕಟ್ಟಿದಾಗ 1.81ರಿಂದ 2.99ರವರೆಗೆ ಏನನ್ನೂ ಖಚಿತವಾಗಿ ಹೇಳಲಾಗದೆಂದು ಬಿಟ್ಟ ಜಾಗವೂ ಇದೇ ಬಗೆಯದು.

1960ರ ದಶಕದಲ್ಲಿ ಸಂಭವನೀಯತೆಯೇ ಮುಖ್ಯವಾಯಿತು. ಅಮೆರಿಕದ 12 ವಿವಾದಿತ 'ಫೆಡರಲಿಸ್ಟ್' ಪ್ರಬಂಧಗಳನ್ನು ಬರೆದವರು ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂದು ಮೊಸ್ಟೆಲರ್ ಮತ್ತು ವಾಲೇಸ್ 1964ರಲ್ಲಿ ಪದಗಳ ಎಣಿಕೆಯಿಂದ ಲೆಕ್ಕಹಾಕಿ ಮ್ಯಾಡಿಸನ್ ಕಡೆಗೆ ವಾಲಿದರು. ಫ್ರೇಮಿಂಗ್‌ಹ್ಯಾಮ್ ಊರಿನ 12 ವರ್ಷದ ಹೃದ್ರೋಗ ಅಧ್ಯಯನದ ಅಂಕಿಗಳನ್ನು ಟ್ರೂಎಟ್, ಕಾರ್ನ್‌ಫೀಲ್ಡ್, ಕ್ಯಾನಲ್ 1967ರಲ್ಲಿ ಏಳು ಅಂಶಗಳ ವಿಭೇದಕ ಸೂತ್ರಕ್ಕೆ ಹಾಕಿದರು. ರೋಗಿ ಯಾವ ಗುಂಪಿನವನು ಎಂಬುದಕ್ಕಿಂತ ಅವನಿಗಿರುವ ಅಪಾಯ ಎಷ್ಟು ಎಂಬುದೇ ಅಲ್ಲಿ ಬೇಕಿದ್ದದ್ದು. ಗುಂಪಿನೊಳಗಿನ ಹರವಿನ ಗೊಡವೆಯಿಲ್ಲದೆ ನೇರವಾಗಿ ಸಂಭವನೀಯತೆಗೇ ಕೈಹಾಕುವ ಲಾಜಿಸ್ಟಿಕ್ ವಿಧಾನ ಈ ಕೆಲಸವನ್ನು ಬರಬರುತ್ತಾ ಕಸಿದುಕೊಂಡಿತು. ಅಳತೆಗಳು ನಿಜಕ್ಕೂ ಗಂಟೆಯಾಕಾರದಲ್ಲಿದ್ದರೆ ಹಳೆಯ ವಿಧಾನವೇ ಮಿತವ್ಯಯದ್ದೆಂದು ಬ್ರಾಡ್ಲಿ ಎಫ್ರಾನ್ 1975ರಲ್ಲಿ ತೋರಿಸಿದರೂ ಒಲವು ಬದಲಾಗಿತ್ತು.

1964ರಲ್ಲೇ ಸೀಮೋರ್ ಗೈಸರ್ ಇನ್ನೊಂದು ಹುಳುಕು ಎತ್ತಿ ತೋರಿಸಿದ್ದರು. ಸೂತ್ರದಲ್ಲಿ ಬಳಸುವ ಸರಾಸರಿ, ವಿಚಲನೆಗಳು ಕೆಲವೇ ಮಾದರಿಗಳಿಂದ ಬಂದ ಅಂದಾಜುಗಳು. ಅವನ್ನೇ ಪರಮಸತ್ಯವೆಂದು ಹಾಕಿದರೆ ಬರುವ ಸಂಭವನೀಯತೆ ಸೊನ್ನೆಗೋ ಒಂದಕ್ಕೋ ಅಂಟಿಕೊಂಡು, ಇರಬೇಕಾದ್ದಕ್ಕಿಂತ ಹೆಚ್ಚು ಧೈರ್ಯದಿಂದ ಮಾತಾಡುತ್ತದೆ. ಅಂದಾಜಿನ ಅನಿಶ್ಚಿತತೆಯನ್ನೂ ಸೇರಿಸಿಕೊಂಡ ಅವರ ವಿಧಾನ ಈ ಧೈರ್ಯವನ್ನು ತಗ್ಗಿಸುತ್ತದೆ. ಮಾದರಿ ಚಿಕ್ಕದಿದ್ದಷ್ಟೂ ಹೆಚ್ಚು.

ಇನ್ನೂ ಹಿರಿದಾದ ತೊಡಕು ಗುಂಪುಗಳ ಪಟ್ಟಿಯದು. ಸಂಭವನೀಯತೆಗಳ ಮೊತ್ತ ಒಂದಾಗಲೇಬೇಕಾದ್ದರಿಂದ, ಕೊಟ್ಟ ಗುಂಪುಗಳಲ್ಲೇ ಒಂದನ್ನು ಲೆಕ್ಕ ಆರಿಸುತ್ತದೆ. 'ಇವು ಯಾವುವೂ ಅಲ್ಲ' ಎನ್ನಲು ಅದಕ್ಕೆ ಬಾಯಿಲ್ಲ. 10 ಸೆಂ.ಮೀ. ಉದ್ದದ ದಳವನ್ನು ಮೇಲಿನ ಸೂತ್ರಕ್ಕೆ ಕೊಟ್ಟರೆ, ವರ್ಜಿನಿಕಾದ ಸರಾಸರಿಯಿಂದ ಅದು ಹತ್ತು ವಿಚಲನೆಗಿಂತ ದೂರವಿದ್ದರೂ, ವರ್ಸಿಕಲರ್ ಇನ್ನೂ ದೂರ ಎಂಬ ಒಂದೇ ಕಾರಣಕ್ಕೆ ವರ್ಜಿನಿಕಾ ಎಂದು ಹೆಚ್ಚೂಕಡಿಮೆ ನೂರಕ್ಕೆ ನೂರು ಹೇಳಿಬಿಡುತ್ತದೆ. ಎಸ್‌ಪಿಎಸ್‌ಎಸ್ ತಂತ್ರಾಂಶ ಒಂದೊಂದು ವಸ್ತುವಿಗೂ ಎರಡು ಸಂಭವನೀಯತೆ ಮುದ್ರಿಸುವುದು ಇದಕ್ಕಾಗಿಯೇ. ಒಂದು, ಈ ಅಳತೆಯದು ಈ ಗುಂಪಿನದಾಗಿರುವ ಸಂಭವನೀಯತೆ. ಇನ್ನೊಂದು, ಈ ಗುಂಪಿನದೇ ಆಗಿದ್ದರೆ ಸರಾಸರಿಯಿಂದ ಇಷ್ಟು ದೂರ ಬೀಳುವುದು ಎಷ್ಟು ಸಹಜ ಎಂಬುದು. ಓದುವವರು ಸಾಮಾನ್ಯವಾಗಿ ಮೊದಲನೆಯದನ್ನು ಬರೆದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಆ್ಯಂಡರ್ಸನ್ನರ 150 ಹೂವುಗಳಿಗೆ ನಾಲ್ಕೂ ಅಳತೆ ಕೊಟ್ಟು ಲೆಕ್ಕ ಹಾಕಿದರೆ ಮೂರು ಮಾತ್ರ ತಪ್ಪು ಗುಂಪಿಗೆ ಹೋಗುತ್ತವೆ: ಪಟ್ಟಿಯ 71, 84 ಮತ್ತು 134ನೆಯವು. 84 ವರ್ಸಿಕಲರ್, ಅದರ ಅಳತೆ 6.0, 2.7, 5.1, 1.6. 134 ವರ್ಜಿನಿಕಾ, ಅದರದು 6.3, 2.8, 5.1, 1.5. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಬೇರೆ ಮಾಡಲಾಗದ ಹೂವುಗಳು, ಅದರಲ್ಲೂ ಅಗಲ ದಳ ಇರುವುದು ಇರಬಾರದ ವರ್ಸಿಕಲರ್‌ಗೆ. ಲೆಕ್ಕ 84ನೆಯದನ್ನು 0.86 ಸಂಭವನೀಯತೆಯಿಂದ ವರ್ಜಿನಿಕಾ ಎನ್ನುತ್ತದೆ, 134ನೆಯದನ್ನು 0.73ರಿಂದ ವರ್ಸಿಕಲರ್. ಉಳಿದ ಹೂವುಗಳಲ್ಲಿ ಬಹುಪಾಲಿಗೆ 0.99ಕ್ಕಿಂತ ಮೇಲೆ ಬರುವುದರಿಂದ, ಈ ಅಂಕಿಗಳನ್ನು ನೋಡಿದವರು ತಡೆದು ನಿಲ್ಲಬೇಕು; ರಾವ್ ಹೇಳಿದ ಸಂದೇಹದ ವಲಯ ಇದೇ.

ಈ ಅಂಕಿಗಳು ಯಾವ ತಂತ್ರಾಂಶದಲ್ಲೂ ಒಂದೇ ಬರುವುದಕ್ಕೆ ಕಾರಣ ಆ್ಯಂಡರ್ಸನ್ ಮೂರೂ ಪ್ರಭೇದಗಳಿಂದ ಸಮನಾಗಿ ಹೂವು ಅಳೆದದ್ದು. ಹೇಳದೇ ಬಿಟ್ಟರೆ ಎಸ್‌ಎಎಸ್ ಮತ್ತು ಎಸ್‌ಪಿಎಸ್‌ಎಸ್ ಎಲ್ಲ ಗುಂಪಿಗೂ ಸಮಾನ ಪೂರ್ವ ಸಂಭವನೀಯತೆ ಹಿಡಿಯುತ್ತವೆ; ಆರ್ ಭಾಷೆಯ ಎಲ್‌ಡಿಎ ಎಂಬ ಆಜ್ಞೆ, ಮಾದರಿಯಲ್ಲಿ ಯಾವ ಗುಂಪು ಎಷ್ಟಿದೆಯೋ ಅದೇ ಪ್ರಮಾಣ ಹಿಡಿಯುತ್ತದೆ. ಒಂದು ಗುಂಪಿನಿಂದ 90, ಇನ್ನೊಂದರಿಂದ 10 ಅಳೆದ ಕಡತವನ್ನು ಎರಡೂ ಬಗೆಯ ತಂತ್ರಾಂಶಕ್ಕೆ ಕೊಟ್ಟರೆ ಗಡಿಯ ಹತ್ತಿರದ ಹೂವುಗಳಿಗೆ ಎರಡು ಬೇರೆ ಉತ್ತರ ಸಿಗುತ್ತದೆ, ಮೇಲೆ 0.79 ಇದ್ದದ್ದು 0.30 ಆದಂತೆ. ಆರ್‌ನಲ್ಲಿ ಗೈಸರ್ ವಿಧಾನವೂ ಇದೆ, ಆದರೆ ಅದನ್ನು ಹೆಸರು ಹಿಡಿದು ಕೇಳಬೇಕು. ಕೇಳದಿದ್ದರೆ ಬರುವುದು ಹಳೆಯ ಧೈರ್ಯದ ಉತ್ತರವೇ.